ಬೆಕ್ಕು ಸಾಕಿ ಬೆಳಿಗ್ಗೆ ಓಡುವವರಿಗೆ: ಕಾರವಾರದ ಒಂದು ಮನೆಯ ದಿನಚರಿ

ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಮನೆಯಲ್ಲಿ ಎರಡು ಬೆಕ್ಕು. ಕೆಂಬಣ್ಣದ ಗಂಡು ಕೆಂಚ, ಹಣೆಯ ಮೇಲೆ ಕಪ್ಪು ಚುಕ್ಕಿ ಇರುವ ಹೆಣ್ಣು ಬೊಟ್ಟು. ನಾನು ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಓಡುತ್ತೇನೆ. ಓಡಿ ಬಂದು, ಇವರಿಬ್ಬರಿಗೆ ಊಟ ಹಾಕಿ, ಶಾಲೆಗೆ ಹೋಗುತ್ತೇನೆ.

ಹೊಸದಾಗಿ ಓಡಲು ಶುರು ಮಾಡಿದವರು ಶೂ ಯಾವುದು ತೆಗೆದುಕೊಳ್ಳಲಿ, ಎಷ್ಟು ಕಿಲೋಮೀಟರ್ ಓಡಲಿ ಅಂತ ಕೇಳುತ್ತಾರೆ. ಬೆಕ್ಕು ಸಾಕಿದವರು ಊಟಕ್ಕೆ ಏನು ಹಾಕಲಿ ಅಂತ ಕೇಳುತ್ತಾರೆ. ಎರಡೂ ಒಂದೇ ಮನೆಯಲ್ಲಿದ್ದರೆ ಎಲ್ಲಿ ಎಚ್ಚರ ಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಓಡುವವರ ಸಾಮಾನಿನಲ್ಲಿ ಬೆಕ್ಕಿನ ಜೀವಕ್ಕೇ ಕುತ್ತು ತರುವಂಥವು ಮೂರ್ನಾಲ್ಕು ಇವೆ. ನನಗೆ ಅದು ಗೊತ್ತಾಗುವ ಹೊತ್ತಿಗೆ ಬೊಟ್ಟು ಆಸ್ಪತ್ರೆಯ ಮೇಜಿನ ಮೇಲೆ ಮಲಗಿದ್ದಳು. ನಿಮ್ಮ ಮನೆಯಲ್ಲಿ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ ಹಿಂದಿನ ರಾತ್ರಿಯದು

ಬೆಕ್ಕಿಗೆ ಹುರುಪು ಜಾಸ್ತಿ ಇರುವುದು ಬೆಳಗಿನ ಜಾವ ಮತ್ತು ಮುಸ್ಸಂಜೆ. ಓಡುವವರೂ ಅದೇ ಹೊತ್ತಿಗೆ ಏಳುತ್ತಾರೆ. ಹಾಗಾಗಿ ಇಬ್ಬರ ಗಡಿಯಾರ ಒಂದೇ, ಹೊಂದಿಸಿಕೊಳ್ಳಬೇಕು ಅಷ್ಟೆ.

ಕೆಂಚ ಮರಿಯಾಗಿದ್ದಾಗ ನಾಲ್ಕು ಗಂಟೆಗೇ ಎಬ್ಬಿಸುತ್ತಿದ್ದ. ಎದೆಯ ಮೇಲೆ ಹತ್ತಿ, ಮೀಸೆ ನನ್ನ ಕೆನ್ನೆಗೆ ತಾಗುವಷ್ಟು ಹತ್ತಿರ ಮುಖ ತಂದು, ಕಣ್ಣು ಬಿಡುವವರೆಗೆ ನೋಡುತ್ತಾ ಕೂರುತ್ತಿದ್ದ. ನಾನು ಎದ್ದ ಕೂಡಲೇ ತಟ್ಟೆಗೆ ಊಟ ಹಾಕುತ್ತಿದ್ದೆ. ತಪ್ಪು ಆದದ್ದು ಅಲ್ಲೇ. ಎಬ್ಬಿಸಿದರೆ ಊಟ ಸಿಗುತ್ತದೆ ಅಂತ ಬೆಕ್ಕು ಕಲಿತರೆ, ದಿನಾ ಐದು ನಿಮಿಷ ಮೊದಲೇ ಎಬ್ಬಿಸುತ್ತದೆ.

ಈಗ ಊಟ ಓಡಿ ಬಂದ ಮೇಲೆ. ಎದ್ದಾಗ ನೀರಿನ ಬಟ್ಟಲು ತುಂಬಿಸುತ್ತೇನೆ, ತಲೆ ಸವರುತ್ತೇನೆ, ಬೇರೇನೂ ಇಲ್ಲ. ಮೂರು ವಾರ ಗಲಾಟೆ ಇತ್ತು. ನಾಲ್ಕನೇ ವಾರ ಕೆಂಚ ಅಲಾರಂ ಹೊಡೆಯುವವರೆಗೆ ಕಾಲ ಬುಡದಲ್ಲೇ ಮಲಗಿದ. ಆರು ತಿಂಗಳ ಒಳಗಿನ ಮರಿ ಇದ್ದರೆ ಮಾತ್ರ ಇದು ಬೇಡ. ಮರಿಗಳಿಗೆ ದಿನಕ್ಕೆ ಮೂರ್ನಾಲ್ಕು ಸಲ ಸ್ವಲ್ಪ ಸ್ವಲ್ಪ ಊಟ ಬೇಕು.

ರಾತ್ರಿ ಮಲಗುವ ಮೊದಲು ಹತ್ತು ನಿಮಿಷ ಆಡಿಸಿ. ಕೋಲಿಗೆ ಗರಿ ಕಟ್ಟಿದರೆ ಸಾಕು, ದುಡ್ಡು ಕೊಟ್ಟು ಏನೂ ತರಬೇಕಿಲ್ಲ. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ. ಬೆಕ್ಕಿನ ಮೈಯಲ್ಲಿ ಈ ಸರಣಿ ಇದೆ. ಆಡಿಸಿ ದಣಿಸಿ ಕೊನೆಯ ತುತ್ತು ಕೊಟ್ಟರೆ ಅದು ಮಲಗುತ್ತದೆ, ನಿಮಗೂ ನಿದ್ದೆ ಸಿಗುತ್ತದೆ. ನಿದ್ದೆ ಇಲ್ಲದೆ ಓಡಿದರೆ ಕಾಲಿಗೆ ಪೆಟ್ಟು ಬೀಳುವುದು ಜಾಸ್ತಿ.

ಲೇಸು ಕಪಾಟಿನೊಳಗೆ

ಶೂ ಲೇಸು ಬೆಕ್ಕಿಗೆ ಹಾವಿನ ಹಾಗೆ ಕಾಣುತ್ತದೆ. ಎಳೆದಾಡುತ್ತದೆ, ಕಚ್ಚುತ್ತದೆ, ಕೆಲವು ಬೆಕ್ಕು ನುಂಗಿಯೂ ಬಿಡುತ್ತವೆ. ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳು ಒಳಮುಖವಾಗಿ ಇರುತ್ತವೆ. ದಾರ ಒಮ್ಮೆ ಒಳಗೆ ಹೋಗತೊಡಗಿದರೆ ಉಗುಳುವುದು ಅದಕ್ಕೆ ಕಷ್ಟ. ನುಂಗಿದ ದಾರ ಕರುಳನ್ನು ನೆರಿಗೆ ಹಿಡಿದ ಸೀರೆಯ ಹಾಗೆ ಒಟ್ಟಿಗೆ ಎಳೆಯುತ್ತದೆ. ಆಮೇಲೆ ಆಪರೇಷನ್ನೇ ದಾರಿ.

ಬಾಯಿಂದಲೋ ಹಿಂದಿನಿಂದಲೋ ದಾರದ ತುದಿ ನೇತಾಡುತ್ತಿದ್ದರೆ ಎಳೆಯಲೇಬೇಡಿ. ಒಳಗೆ ಕರುಳು ಕೊಯ್ದುಹೋಗಬಹುದು. ಹಾಗೇ ಬಿಟ್ಟು ಪಶುವೈದ್ಯರ ಹತ್ತಿರ ಒಯ್ಯಿರಿ. ಇಯರ್‌ಫೋನ್ ವೈರು, ಕೂದಲು ಕಟ್ಟುವ ರಬ್ಬರ್ ಬ್ಯಾಂಡು, ರೇಸ್‌ನಲ್ಲಿ ನಂಬರ್ ಚೀಟಿಗೆ ಕೊಡುವ ಸೇಫ್ಟಿ ಪಿನ್ನು, ಇವೆಲ್ಲ ಮುಚ್ಚಳ ಇರುವ ಡಬ್ಬಿಯಲ್ಲಿ ಇರಲಿ. ಶೂ ಬಾಗಿಲು ಇರುವ ಕಪಾಟಿನಲ್ಲಿ.

ಹೊರಡುವಾಗ ಬಾಗಿಲು ತೆಗೆಯುವ ಮೊದಲು ಬೆಕ್ಕು ಎಲ್ಲಿದೆ ಅಂತ ಕಣ್ಣಾರೆ ನೋಡಿ. ಕತ್ತಲಲ್ಲಿ ಕಾಲ ಸಂದಿನಿಂದ ಜಾರಿಹೋಗುವುದು ಗೊತ್ತೇ ಆಗುವುದಿಲ್ಲ. ನಮಗೆ ರಾಷ್ಟ್ರೀಯ ಹೆದ್ದಾರಿ 66 ಹತ್ತಿರವೇ ಇದೆ, ಬೆಳಗಿನ ಜಾವ ಲಾರಿಗಳು ಜೋರಾಗಿ ಬರುತ್ತವೆ.

ಎಲ್ಲಿ ಓಡಬೇಕು, ಎಷ್ಟು ಓಡಬೇಕು

ಹೊಸಬರಾದರೆ ವಾರಕ್ಕೆ ಮೂರೇ ದಿನ. ಒಂದು ನಿಮಿಷ ಓಡಿ, ಎರಡು ನಿಮಿಷ ನಡೆಯಿರಿ. ಹೀಗೆ ಎಂಟು ಸಲ. ಎರಡನೇ ವಾರ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಓಟ ಬೆಳೆಯುತ್ತಾ ಹೋಗಲಿ, ನಡಿಗೆ ಕಡಿಮೆ ಆಗುತ್ತಾ ಬರಲಿ. ಎರಡು ಎರಡೂವರೆ ತಿಂಗಳಲ್ಲಿ ಅರ್ಧ ಗಂಟೆ ನಿಲ್ಲದೆ ಓಡಬಹುದು. ಪಕ್ಕದಲ್ಲಿ ಓಡುವವರ ಜೊತೆ ಪೂರ್ತಿ ಒಂದು ವಾಕ್ಯ ಮಾತಾಡಲು ಆಗುತ್ತಿದೆಯಾ? ಹಾಗಾದರೆ ವೇಗ ಸರಿಯಿದೆ. ಏದುಸಿರು ಬಂದು ಮಾತು ತುಂಡಾದರೆ ನಿಧಾನ ಮಾಡಿ.

ಕಾರವಾರದಲ್ಲಿ ಓಡುವವರಿಗೆ ರವೀಂದ್ರನಾಥ ಟಾಗೋರ್ ಕಡಲತೀರ ಇರುವುದು ದೊಡ್ಡ ಭಾಗ್ಯ. ಆದರೆ ಒಣ ಮರಳಿನಲ್ಲಿ ಓಡಬೇಡಿ, ಮೀನಖಂಡ ಹಿಡಿದುಕೊಳ್ಳುತ್ತದೆ. ನೀರು ಇಳಿದಾಗ ಒದ್ದೆಯಾಗಿ ಗಟ್ಟಿಯಾದ ಪಟ್ಟಿ ಇರುತ್ತದಲ್ವಾ, ಅಲ್ಲಿ ಓಡಿ. ಇಳಿತದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಆರು ಗಂಟೆಗೆ ಇಳಿದಿದ್ದರೆ ನಾಳೆ ಏಳಕ್ಕೆ ಹತ್ತಿರ. ತೀರ ನೀರಿನ ಕಡೆ ವಾಲಿರುತ್ತದೆ, ಒಂದು ಕಾಲು ತಗ್ಗಿನಲ್ಲಿ ಬೀಳುತ್ತದೆ. ಎಷ್ಟು ದೂರ ಹೋದಿರೋ ಅದೇ ಪಟ್ಟಿಯಲ್ಲಿ ಅಷ್ಟೇ ದೂರ ವಾಪಸ್ ಬಂದರೆ ಎರಡೂ ಮಂಡಿಗೆ ಭಾರ ಸಮ ಆಗುತ್ತದೆ. ಬರಿಗಾಲು ಬೇಡ. ಬಲೆಯ ತುಂಡು, ಗಾಳದ ಕೊಕ್ಕೆ, ಬಾಟಲಿ ಚೂರು ಮರಳಿನಡಿ ಇರುತ್ತವೆ.

ಮೊದಲು ನಾವು ಕಾಳಿ ನದಿಯ ಹಳೇ ಸೇತುವೆ ಮೇಲೆ ಸದಾಶಿವಗಡದ ಕಡೆ ಓಡುತ್ತಿದ್ದೆವು. 2024ರ ಆಗಸ್ಟ್ 7ರ ನಡುರಾತ್ರಿ ಅದು ಕುಸಿದು ಬಿತ್ತು. ಆಮೇಲೆ ಎರಡೂ ಕಡೆಯ ವಾಹನ ಹೊಸ ಸೇತುವೆಗೆ ಬಂತು. ಕತ್ತಲಲ್ಲಿ ಆ ಕಡೆ ಓಡುವುದನ್ನು ನಾನು ಬಿಟ್ಟೆ. ನೀವೂ ಬಿಡಿ.

ಹೊತ್ತಿನ ಲೆಕ್ಕ: ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಏಳರ ಸುಮಾರಿಗೆ, ಮೇ ಕೊನೆಗೆ ಆರರ ಸುಮಾರಿಗೆ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ, ಮೈ ತಣ್ಣಗಾಗುವುದಿಲ್ಲ. ಆ ಎರಡು ತಿಂಗಳು ಏಳು ಗಂಟೆಯೊಳಗೆ ಮನೆ ಸೇರಿ. ಬಂದ ಮೇಲೆ ಮುರುಗಲು ಪಾನಕಕ್ಕೆ ಚಿಟಿಕೆ ಉಪ್ಪು ಹಾಕಿ ಕುಡಿಯಿರಿ. ಬೀದಿನಾಯಿ ಬೆನ್ನಟ್ಟಿದರೆ ಓಡಬೇಡಿ. ನಿಂತು, ಕೈ ಮೈಗೆ ಒತ್ತಿಕೊಂಡು, ಕಣ್ಣಿಗೆ ಕಣ್ಣು ಕೊಡದೆ ನಿಧಾನ ಹಿಂದೆ ಸರಿಯಿರಿ.

ಶಿರಸಿ, ಸಿದ್ದಾಪುರದ ಕಡೆ ಕಾಡುದಾರಿಯಲ್ಲಿ ಓಡುವವರಿಗೆ ಬೇರೆ ಮಾತಿದೆ. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಹರಡುವುದು ಉಣುಗಿನಿಂದ. ತರಗೆಲೆ ತುಳಿಯುವ ದಾರಿ ಬಿಟ್ಟು ಡಾಂಬರು ರಸ್ತೆ ಹಿಡಿಯಿರಿ. ಕಾಡಿಗೆ ಹೋಗಲೇಬೇಕಾದರೆ ಉದ್ದ ಪ್ಯಾಂಟು ಹಾಕಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಹಂಚುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ವಾಪಸ್ ಬಂದ ಮೇಲಿನ ಹತ್ತು ನಿಮಿಷ

ಈ ಲೇಖನದಲ್ಲಿ ಒಂದೇ ಭಾಗ ಓದುತ್ತೀರಿ ಅಂದರೆ ಇದನ್ನು ಓದಿ.

ಎರಡು ವರ್ಷದ ಹಿಂದೆ ಒಂದು ಭಾನುವಾರ ಹದಿನಾಲ್ಕು ಕಿಲೋಮೀಟರ್ ಓಡಿ ಬಂದೆ. ಮೀನಖಂಡ ಸಿಡಿಯುತ್ತಿತ್ತು. ನೋವಿನ ಜೆಲ್ ದಪ್ಪಗೆ ಹಚ್ಚಿ ಜಗಲಿಯ ಮೇಲೆ ಕಾಲು ಚಾಚಿ ಕೂತೆ. ಬೊಟ್ಟು ಬಂದು ಕಾಲಿಗೆ ಮೈ ಉಜ್ಜಿದಳು. ಆಮೇಲೆ ಅಲ್ಲೇ ಕೂತು ತನ್ನ ಪಕ್ಕೆ ನೆಕ್ಕಿಕೊಂಡಳು. ನನ್ನ ಕಾಲನ್ನೂ ನಾಲ್ಕು ಸಲ ನೆಕ್ಕಿದಳು. ಬೆವರಿನ ಉಪ್ಪು ಬೆಕ್ಕಿಗೆ ಇಷ್ಟ ಅಂತ ನಾನು ನಗುತ್ತಾ ಬಿಟ್ಟೆ.

ಮರುದಿನ ಅವಳು ತಟ್ಟೆ ಮುಟ್ಟಲಿಲ್ಲ. ಸಂಜೆ ಎರಡು ಸಲ ವಾಂತಿ ಮಾಡಿದಳು. ಮೂರನೇ ದಿನ ಬಚ್ಚಲಿನ ಮೂಲೆಯಲ್ಲಿ, ತಣ್ಣನೆಯ ಕಲ್ಲಿಗೆ ಹೊಟ್ಟೆ ಒತ್ತಿ ಮುದುಡಿ ಕೂತಿದ್ದಳು. ಕರೆದರೆ ಕಿವಿ ಮಾತ್ರ ಅಲ್ಲಾಡುತ್ತಿತ್ತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ ಅಂದರು. "ಮನೆಯಲ್ಲಿ ಯಾರಾದರೂ ನೋವಿನ ಮುಲಾಮು ಹಚ್ಚುತ್ತೀರಾ ಅಕ್ಕೋರೆ?" ಅಂತ ಅವರು ಕೇಳಿದಾಗಲೇ ನನಗೆ ಜಗಲಿ ನೆನಪಾದದ್ದು. ಐದು ದಿನ ಡ್ರಿಪ್ ಹಾಕಿದರು. ಬೊಟ್ಟು ಉಳಿದಳು.

ನೋವಿನ ಜೆಲ್‌ಗಳಲ್ಲಿ ಇರುವ ಡೈಕ್ಲೋಫೆನಾಕ್, ಫ್ಲರ್ಬಿಪ್ರೊಫೇನ್‌ನಂಥ ಔಷಧ ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೈಕೊಡುತ್ತದೆ. ಮನುಷ್ಯರು ಹಚ್ಚಿಕೊಂಡ ಫ್ಲರ್ಬಿಪ್ರೊಫೇನ್ ಕ್ರೀಮಿನಿಂದ ಮನೆಯ ಬೆಕ್ಕುಗಳು ಸತ್ತ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಘಮ್ಮೆನ್ನುವ ಬಾಮುಗಳೂ ಬೇಡ. ಅವುಗಳಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್, ಕರ್ಪೂರ, ನೀಲಗಿರಿ ಎಣ್ಣೆ ಮೂರೂ ಬೆಕ್ಕಿಗೆ ವಿಷ.

ಹಾಗಂತ ನೋವು ತಡೆದುಕೊಂಡು ಕೂರಬೇಕಿಲ್ಲ. ನಾನು ಈಗ ಮಾಡುವುದು ಹೀಗೆ. ಐಸ್ ಇಡುತ್ತೇನೆ, ಇಲ್ಲವೇ ಬಿಸಿನೀರಿನ ಶಾಖ. ಜೆಲ್ ಬೇಕೇ ಬೇಕು ಅನ್ನಿಸಿದರೆ, ಶಾಲೆಗೆ ಹೊರಡುವ ಮೊದಲು ಹಚ್ಚಿ ಮೇಲೆ ಬಟ್ಟೆ ಮುಚ್ಚುತ್ತೇನೆ. ಕೈ ಸೋಪಿನಲ್ಲಿ ತೊಳೆಯುತ್ತೇನೆ. ಸಂಜೆ ಬಂದು ಕಾಲು ತೊಳೆದ ಮೇಲೇ ಬೆಕ್ಕನ್ನು ಮುಟ್ಟುವುದು. ಒರೆಸಿದ ಬಟ್ಟೆ ನೇರ ಬಕೆಟ್ಟಿಗೆ. ಅದು ಬೆಕ್ಕು ಮಲಗುವ ಮಂಚದ ಮೇಲೆ ಬೀಳಬಾರದು.

ಪ್ಯಾರಾಸಿಟಮಾಲ್ ಮಾತು ಬೇರೆಯಾಗಿ ಹೇಳಬೇಕು. ಬೆಕ್ಕಿಗೆ ಮೈ ಬಿಸಿ ಇದೆ ಅಂತ ಕಾಲು ಮಾತ್ರೆ ಅರೆದು ಹಾಕಿದವರನ್ನು ನಾನು ನೋಡಿದ್ದೇನೆ. ಅರ್ಧ ಮಾತ್ರೆ ಒಂದು ಬೆಕ್ಕನ್ನು ಕೊಲ್ಲಬಲ್ಲದು. ನೆಲಕ್ಕೆ ಬಿದ್ದ ಮಾತ್ರೆ ಸಿಗುವವರೆಗೆ ಹುಡುಕಿ.

ಇನ್ನು ಒಳಗೆ ಬರುವ ಕ್ರಮ. ಶೂ ಹೊರಗೇ ಬಿಚ್ಚಿ. ಹಿತ್ತಿಲ ನಲ್ಲಿಯಲ್ಲಿ ಮಂಡಿಯವರೆಗೆ ಕಾಲು ತೊಳೆಯಿರಿ, ಸೋಪು ಹಾಕಿ. ಮರಳು, ಉಪ್ಪುನೀರು, ಸನ್‌ಸ್ಕ್ರೀನ್, ಸೊಳ್ಳೆಗೆ ಹಚ್ಚಿದ ಎಣ್ಣೆ, ಎಲ್ಲ ಹೋಗಲಿ. ಕಾಡಿನಿಂದ ಬಂದಿದ್ದರೆ ಬಟ್ಟೆ ಬಿಸಿನೀರಿಗೆ ಹಾಕಿ, ಮಂಡಿಯ ಹಿಂದೆ, ಸೊಂಟದ ಪಟ್ಟಿಯ ಕೆಳಗೆ, ಕಂಕುಳಲ್ಲಿ ಉಣುಗು ಇದೆಯಾ ನೋಡಿ. ಕಚ್ಚಿಕೊಂಡಿದ್ದರೆ ಚಿಮುಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಬೆಕ್ಕಿನ ಕಿವಿಯ ಬುಡ, ಕುತ್ತಿಗೆಯನ್ನೂ ಹಾಗೇ ಬೆರಳಾಡಿಸಿ ನೋಡಿ. ನಾಯಿಗೆ ಹಾಕುವ ಉಣುಗಿನ ಪುಡಿಯನ್ನೋ ಎಣ್ಣೆಯನ್ನೋ ಬೆಕ್ಕಿಗೆ ಹಾಕಬೇಡಿ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ನಡುಕ, ಫಿಟ್ಸ್ ಬರುತ್ತದೆ.

ತಟ್ಟೆಗೆ ಏನು

ಮೀನುಪೇಟೆಯಲ್ಲಿ ನನಗೆ ಖಾಯಂ ಮೀನು ಕೊಡುವ ಹೆಂಗಸೊಬ್ಬರಿದ್ದಾರೆ. "ಅಕ್ಕೋರೆ, ತಾರ್ಲೆ ಚಲೋ ಅದೆ ನೋಡಿ, ಬೆಕ್ಕಿಗೆ ಹಸಿದೇ ಹಾಕಿ" ಅನ್ನುತ್ತಾರೆ. ಅವರ ಪ್ರೀತಿ ದೊಡ್ಡದು. ಆದರೆ ಹಸಿ ಮೀನು ನಾನು ಹಾಕುವುದಿಲ್ಲ. ಹಸಿ ತಾರ್ಲೆಯಂಥ (ಬೂತಾಯಿ) ಮೀನುಗಳಲ್ಲಿ ಬಿ1 ವಿಟಮಿನ್ ಹಾಳು ಮಾಡುವ ಒಂದು ಕಿಣ್ವ ಇದೆ. ದಿನಾ ತಿಂದರೆ ಬೆಕ್ಕು ತಲೆ ಬಗ್ಗಿಸಿ ತೂರಾಡತೊಡಗುತ್ತದೆ. ಬೇಯಿಸಿದರೆ ಆ ಕಿಣ್ವ ಸಾಯುತ್ತದೆ. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿ, ಮುಳ್ಳು ತೆಗೆದು ಕೊಡಿ. ಬೆಂದ ಮುಳ್ಳು ಗಂಟಲಿಗೆ ಚುಚ್ಚುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತದ ಕೆಂಪು ಕಣ ಒಡೆಯುತ್ತವೆ, ಹಾಗಾಗಿ ನಮ್ಮ ಸಾರಿನ ಮೀನು ತೊಳೆದು ಕೊಟ್ಟರೂ ಆಗದು.

ಬರೀ ಮೀನು, ಅನ್ನವೂ ಸಾಲದು. ಬೆಕ್ಕು ಪೂರ್ತಿ ಮಾಂಸಾಹಾರಿ. ಟಾರಿನ್ ಅನ್ನುವ ಪೋಷಕಾಂಶ ಸಿಗದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ನಾನು ಬೆಳಿಗ್ಗೆ ಬೆಕ್ಕಿಗೆಂದೇ ಮಾಡಿದ ಒಣ ಆಹಾರ ಕೊಡುತ್ತೇನೆ, ಮೀನು ವಾರಕ್ಕೆ ಎರಡು ಸಲ ಅಷ್ಟೆ. ಸುಮಾರು ನಾಲ್ಕು ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ 200ರಿಂದ 250 ಕ್ಯಾಲರಿ ಸಾಕು. ಪೊಟ್ಟಣದ ಹಿಂದೆ ನೋಡಿ ಅಳತೆ ಮಾಡಿ ಹಾಕಿ. ಹಾಲು ಬೇಡ, ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಅದು ಅರಗುವುದಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಲ್ಲುತ್ತದೆ. ತಾಜಾ ಮೀನು ತುಟ್ಟಿ. ಆಗ ಒಣಮೀನು ಹಾಕಲು ಮನಸ್ಸಾಗುತ್ತದೆ. ಹಾಕಬೇಡಿ, ಅದರ ಉಪ್ಪು ಬೆಕ್ಕಿಗೆ ಬಹಳ ಜಾಸ್ತಿ. ಬೇಯಿಸಿದ ಕೋಳಿ, ಒಂದು ತುಂಡು ಮೊಟ್ಟೆ ಸಾಕು.

ಮಳೆ ಹಿಡಿದಾಗ

ಒದ್ದೆ ಶೂ ಒಳಗೆ ಹಳೇ ಪೇಪರ್ ಉಂಡೆ ಮಾಡಿ ತುರುಕಿ. ಎರಡು ಗಂಟೆಗೊಮ್ಮೆ ಪೇಪರ್ ಬದಲಿಸಿ. ಒಲೆಯ ಪಕ್ಕ ಇಟ್ಟರೆ ಅಟ್ಟೆಯ ಅಂಟು ಬಿಡುತ್ತದೆ. ಎರಡು ಜೊತೆ ಶೂ ಇದ್ದರೆ ಒಳ್ಳೆಯದು. ಹಾಕಿಕೊಳ್ಳುವ ಮೊದಲು ತಲೆಕೆಳಗೆ ಮಾಡಿ ಕುಟ್ಟಿ, ಚೇಳು, ಮರಿಹಾವು ಸೇರಿಕೊಂಡಿರಬಹುದು. ಕಾಲಲ್ಲಿ ಗಾಯ ಇದ್ದಾಗ ಕೆಸರು ನೀರಿನಲ್ಲಿ ಓಡಬೇಡಿ, ಇಲಿ ಜ್ವರ ಬರುವುದು ಹಾಗೆಯೇ. ಬೆಕ್ಕು ಇಲಿ ಹಿಡಿದು ತಂದರೆ ಬರಿಗೈಯಲ್ಲಿ ಎತ್ತಬೇಡಿ.

ಮಳೆಯಲ್ಲಿ ಬೆಕ್ಕು ಹಿತ್ತಿಲಿಗೆ ಹೋಗದು. ಒಳಗೆ ಟ್ರೇ ಇಡಬೇಕು. ಸಾಮಿಲ್ಲಿನ ಮರದ ಹೊಟ್ಟು ತುಂಬಿದರೆ ಆಯಿತು. ಸಮುದ್ರದ ಮರಳು ತರಬೇಡಿ, ಅದು ಒಣಗುವುದೇ ಇಲ್ಲ, ತರುವುದೂ ಸರಿಯಲ್ಲ. ದಿನಾ ಸ್ವಚ್ಛ ಮಾಡಿ. ಬೆಕ್ಕಿನ ಮಲದಲ್ಲಿ ಇರಬಹುದಾದ ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿ ಜೀವಿ ರೋಗ ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು, ಅಷ್ಟರೊಳಗೆ ತೆಗೆದರೆ ಅಪಾಯ ಕಡಿಮೆ. ಬಸುರಿಯರು ಈ ಕೆಲಸ ಬೇರೆಯವರಿಗೆ ಬಿಡಲಿ.

ಚುಚ್ಚುಮದ್ದು, ಆಪರೇಷನ್

ಮೂರು ತಿಂಗಳು ತುಂಬಿದ ಮರಿಗೆ ರೇಬೀಸ್ ಚುಚ್ಚುಮದ್ದು ಹಾಕಿಸಿ, ಒಂದು ವರ್ಷಕ್ಕೆ ಮತ್ತೊಂದು. ಬೆಕ್ಕು ಕಚ್ಚಿದರೆ, ರಕ್ತ ಬರುವಂತೆ ಪರಚಿದರೆ, ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಸುಣ್ಣ, ಅರಿಶಿನ ಮೆತ್ತಬೇಡಿ.

ಬೆಕ್ಕು ಬಸುರಾಗಿ ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ. ಐದಾರು ತಿಂಗಳಿಗೆ ಸಂತಾನಹರಣ ಮಾಡಿಸಿ. ಗಂಡಿಗೆ ಮಾಡಿಸಿದರೆ ನಿಮ್ಮ ಶೂ ಮೇಲೆ ಉಚ್ಚೆ ಹಾರಿಸುವುದೂ ಹೆಚ್ಚಿನಂಶ ನಿಲ್ಲುತ್ತದೆ.

ರೇಸಿಗೆಂದು ಊರು ಬಿಡುವಾಗ

ಪಂಚಗಂಗಾ ರೈಲು ಹತ್ತಿ ಬೆಂಗಳೂರಿಗೆ ರೇಸಿಗೆ ಹೋಗುತ್ತೀರಿ ಅಂತಿಟ್ಟುಕೊಳ್ಳಿ. ಬೆಕ್ಕನ್ನು ನೆಂಟರ ಮನೆಗೆ ಬಿಡಬೇಡಿ. ಬೆಕ್ಕಿಗೆ ಅದರ ಮನೆಯೇ ನೆಮ್ಮದಿ, ಹೊಸ ಜಾಗದಲ್ಲಿ ಬಾಗಿಲು ತೆರೆದರೆ ಓಡಿಹೋಗುತ್ತದೆ. ಬೆಕ್ಕಿನ ಪರಿಚಯ ಇರುವವರು ದಿನಕ್ಕೆ ಎರಡು ಸಲ ಬಂದು ನೋಡಿದರೆ ಸಾಕು. ನಮ್ಮಲ್ಲಿ ಪಕ್ಕದ ಮನೆಯ ವೈನಿ ಬರುತ್ತಾರೆ. ಮೊದಲ ಸಲ ನಾನು ಹೊರಡುವ ವಾರ ಮೊದಲೇ ಅವರ ಕೈಯಿಂದಲೇ ಎರಡು ದಿನ ಊಟ ಹಾಕಿಸಿದ್ದೆ.

ಕೀ ಕೊಡುವಾಗ ಜೊತೆಗೆ ಒಂದು ಚೀಟಿ ಕೊಡುತ್ತೇನೆ. ಎಷ್ಟು ಊಟ, ಎರಡು ನೀರಿನ ಬಟ್ಟಲು ಎಲ್ಲಿವೆ, ಪಶುವೈದ್ಯರ ನಂಬರ್. ಇಬ್ಬರಲ್ಲಿ ಯಾರಾದರೂ ಒಂದು ದಿನ ಪೂರ್ತಿ ಊಟ ಬಿಟ್ಟರೆ ಹೇಳಿ ಅಂತ ಬರೆದಿರುತ್ತೇನೆ, ಯಾಕೆಂದರೆ ಎರಡು ಮೂರು ದಿನ ಉಪವಾಸ ಬಿದ್ದರೆ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬತೊಡಗುತ್ತದೆ. ಬಾಯಿ ತೆರೆದು ನಾಯಿಯ ಹಾಗೆ ತೇಕುತ್ತಿದ್ದರೆ ಕಾಯದೆ ಡಾಕ್ಟರಿಗೆ ತೋರಿಸಬೇಕು. ಕೊನೆಯ ಸಾಲಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ: "ಕೆಂಚ ಟ್ರೇಗೆ ಮತ್ತೆ ಮತ್ತೆ ಹೋಗಿ ಕೂತು, ಉಚ್ಚೆ ಬಾರದೆ ಕೂಗುತ್ತಿದ್ದರೆ ಮೂತ್ರದ ದಾರಿ ಕಟ್ಟಿದೆ ಅಂತ ಅರ್ಥ. ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ. ನನಗೆ ಫೋನ್ ಮಾಡುವ ಮೊದಲು ಡಾಕ್ಟರಿಗೆ ಮಾಡಿ ವೈನಿ."